ಎಂಜಿನ್ ಆರಿಸಿದ ಮೇಲೂ ಕಾಯುವ ಗೇರ್‌ಬಾಕ್ಸ್

ಬಸ್ಸಿನಷ್ಟು ದೊಡ್ಡ ಮೋಟರ್‌ಹೋಮಿನ ಬೆನ್ನಿಗೆ ಚಾಲಕನಿಲ್ಲದ ಕಾರೊಂದು ಓಡುವುದು ಅಮೆರಿಕದ ಹೆದ್ದಾರಿಗಳಲ್ಲಿ ಮಾಮೂಲು. ಟ್ರೇಲರ್ ಇಲ್ಲ, ಡಾಲಿ ಇಲ್ಲ. ಕಾರಿನ ಮೂತಿಗೆ ಬೋಲ್ಟ್ ಮಾಡಿದ ಬೇಸ್ ಪ್ಲೇಟು, ಅದಕ್ಕೊಂದು ಟೋ ಬಾರ್, ನಾಲ್ಕೂ ಚಕ್ರ ನೆಲದ ಮೇಲೆ. ಮನೆಯಂಥ ಗಾಡಿಯನ್ನು ಕ್ಯಾಂಪಿನಲ್ಲಿ ನಿಲ್ಲಿಸಿ, ಹಾಲು ತರಲು ಕಾರಿನಲ್ಲಿ ಹೋಗಿಬರಬಹುದು. ಫ್ಲ್ಯಾಟ್ ಟೋಯಿಂಗ್ ಎಂಬ ಈ ಪದ್ಧತಿಯ ಅನುಕೂಲದ ಬಗ್ಗೆ ತಕರಾರಿಲ್ಲ. ತಕರಾರಿರುವುದು ಗೇರನ್ನು ನ್ಯೂಟ್ರಲ್‌ಗೆ ತಂದರೆ ಎಲ್ಲ ಮುಗಿಯಿತೆಂಬ ನಂಬಿಕೆಯ ಬಗ್ಗೆ.

ಮಾಮೂಲಿ ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಆಯಿಲ್ ಹರಿಸುವ ಪಂಪನ್ನು ತಿರುಗಿಸುವುದು ಎಂಜಿನ್ನೇ ಹೊರತು ಚಕ್ರವಲ್ಲ. ಎಂಜಿನ್ ಆರಿಸಿದೊಡನೆ ಪಂಪೂ ನಿಂತಿತು. ಚಕ್ರಗಳಿಗೆ ಆ ಸುದ್ದಿ ಮುಟ್ಟುವುದಿಲ್ಲ; ಅವು ಔಟ್‌ಪುಟ್ ಶಾಫ್ಟನ್ನೂ ಅದಕ್ಕೆ ಕೂಡಿಕೊಂಡ ಗೇರು, ಬುಷ್, ಬೇರಿಂಗುಗಳನ್ನೂ ತಿರುಗಿಸುತ್ತಲೇ ಇರುತ್ತವೆ. ಮೈಗೆ ಅಂಟಿಕೊಂಡ ಎಣ್ಣೆ ಒಂದಷ್ಟು ದೂರ ಕಾಪಾಡುತ್ತದೆ. ಆಮೇಲೆ ಲೋಹಕ್ಕೆ ಲೋಹ ಉಜ್ಜತೊಡಗುತ್ತದೆ, ಕ್ಲಚ್ ಪ್ಲೇಟುಗಳು ಕರಕಲಾಗುತ್ತವೆ. ಇನ್ನೂ ಕೆಟ್ಟದ್ದೆಂದರೆ, ಕಾದ ಆಯಿಲನ್ನು ರೇಡಿಯೇಟರ್ ಕಡೆಯ ಕೂಲರಿಗೆ ಒಯ್ಯಬೇಕಾದದ್ದೂ ಅದೇ ಪಂಪು. ಹೀಗೆ, ಶಾಖ ಹುಟ್ಟುವ ಹೊತ್ತಿನಲ್ಲೇ ಅದು ಹೊರಹೋಗುವ ದಾರಿ ಮುಚ್ಚಿರುತ್ತದೆ. ಎಚ್ಚರಿಕೆಯ ದೀಪ? ಅದೇನಾದರೂ ಹೊತ್ತಿಕೊಂಡರೂ ಖಾಲಿ ಸೀಟಿನ ಮುಂದೆ. ಹತ್ತಾರು ಟನ್ ತೂಗುವ ಗಾಡಿ ಓಡಿಸುತ್ತಿರುವವನ ಕಾಲಿಗೆ ಹಿಂದಿನ ಕಾರು ಬಿಗಿಯಾಗುತ್ತಿರುವುದು ಸುಲಭಕ್ಕೆ ತಿಳಿಯುವುದೂ ಇಲ್ಲ.

ಕೆಟ್ಟುನಿಂತ ಆಟೊಮ್ಯಾಟಿಕ್ ಕಾರನ್ನು ಬೆಂಗಳೂರಿನ ರಿಂಗ್ ರೋಡಿನಲ್ಲಿ ಹಗ್ಗ ಕಟ್ಟಿ ಎಳೆದರೂ ಒಳಗೆ ನಡೆಯುವುದು ಇದೇ. ಹಲವು ಕಂಪನಿಗಳ ಕೈಪಿಡಿಗಳು ಗಂಟೆಗೆ 50 ಕಿ.ಮೀ. ವೇಗ, 50 ಕಿ.ಮೀ. ದೂರ ಎಂದು ಗೆರೆ ಎಳೆದುಬಿಡುತ್ತವೆ. ಮೋಟರ್‌ಹೋಮ್ ಯಾತ್ರೆಯವರು ಕೇಳುವುದೋ, ಅದರ ಎರಡರಷ್ಟು ವೇಗದಲ್ಲಿ ಇಡೀ ದಿನ.

ಈ ಬೇಡಿಕೆಗೆ ಹೂಂ ಎಂದ ಕಾರುಗಳಲ್ಲಿ ಹೋಂಡಾ ಸಿಆರ್-ವಿ ಬಹುಕಾಲ ಜನರ ಮೆಚ್ಚಿನದು. ಅದರ ಆಟೊಮ್ಯಾಟಿಕ್‌ನೊಳಗೆ ಉಳಿದವುಗಳಂತೆ ಪ್ಲಾನೆಟರಿ ಗೇರುಗಳಿರಲಿಲ್ಲ. ಮ್ಯಾನ್ಯುಯಲ್ ಗೇರ್‌ಬಾಕ್ಸಿನ ಹಾಗೆ ಅಕ್ಕಪಕ್ಕದ ಶಾಫ್ಟುಗಳ ಮೇಲೆ ಗೇರುಗಳು ಕೂತಿದ್ದವು. ಆದರೂ ಕೈಪಿಡಿ ಒಂದು ಪೂಜಾವಿಧಿಯನ್ನೇ ಹೇಳುತ್ತಿತ್ತು: ಎಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿ, ಗೇರನ್ನು ಡ್ರೈವ್‌ಗೆ ತಂದು, ಅಲ್ಲಿಂದ ನ್ಯೂಟ್ರಲ್‌ಗೆ ಸರಿಸಿ, ಮೂರು ನಿಮಿಷ ಓಡಲು ಬಿಟ್ಟು, ಆಮೇಲೆ ಆರಿಸಬೇಕು. ರಿವರ್ಸ್‌ನಿಂದ ನೇರವಾಗಿ ನ್ಯೂಟ್ರಲ್‌ಗೆ ಬರಕೂಡದು. ಗಂಟೆಗೆ 65 ಮೈಲಿ, ಅಂದರೆ ಸುಮಾರು 105 ಕಿ.ಮೀ. ದಾಟಕೂಡದು. ಎಂಟು ಗಂಟೆ ಮೀರಿ ಎಳೆಯುವುದಾದರೆ ಎಲ್ಲವನ್ನೂ ಮತ್ತೊಮ್ಮೆ ಮಾಡಬೇಕು.

ವಿಧಾನ ಸರಿಯೇ, ಪಾಲಿಸುವ ರೀತಿಯಲ್ಲಿ ದೋಷವಿದೆ. ಬೆಳಗಿನ ಐದು ಗಂಟೆಗೆ, ಅರೆನಿದ್ದೆಯಲ್ಲಿ, ಒಂದು ಹೆಜ್ಜೆ ತಪ್ಪಿದರೆ ಕಾರು ಏನನ್ನೂ ಹೇಳುವುದಿಲ್ಲ. ಸುಮ್ಮನೆ ಹಿಂದೆ ಬರುತ್ತದೆ. ಇಷ್ಟು ದುಬಾರಿ ಯಂತ್ರದ ರಕ್ಷಣೆಯನ್ನು ಮಾಲೀಕನ ನೆನಪಿನ ಶಕ್ತಿಗೆ ಬಿಟ್ಟಿದ್ದು ಒಳ್ಳೆಯ ಎಂಜಿನಿಯರಿಂಗ್ ಅಲ್ಲ. ಅಮೆರಿಕದಲ್ಲಿ 2015ರ ಸಿಆರ್-ವಿಗೆ ಸಿವಿಟಿ ಎಂಬ ಹಂತಗಳಿಲ್ಲದ ಗೇರ್‌ಬಾಕ್ಸ್ ಬಂದಾಗ ಹೋಂಡಾ ಈ ಅನುಮತಿಯನ್ನೇ ಹಿಂತೆಗೆದುಕೊಂಡಿತು. ಹೆಸರು ಅದೇ, ಆಕಾರ ಅದೇ. 2014ರ ಕಾರನ್ನು ಎಳೆದು ಅಭ್ಯಾಸವಾದವರು ಹೊಸದನ್ನೂ ಹಾಗೇ ಕಟ್ಟಿಕೊಂಡು ಹೊರಟರೆ ಗೇರ್‌ಬಾಕ್ಸಿನ ಕಥೆ ಮುಗಿದಂತೆ.

ಜೀಪ್ ರಾಂಗ್ಲರ್‌ನದು ಬೇರೆ ಮಟ್ಟದ ಉತ್ತರ. ಗೇರ್‌ಬಾಕ್ಸಿನ ಶಕ್ತಿಯನ್ನು ಹಿಂದು-ಮುಂದಿನ ಚಕ್ರಗಳಿಗೆ ಹಂಚುವ ಅದರ ಟ್ರಾನ್ಸ್‌ಫರ್ ಕೇಸಿಗೇ ಒಂದು ನ್ಯೂಟ್ರಲ್ ಇದೆ. ಲಿವರ್ ಅಲ್ಲಿಗೆ ಬಂದರೆ ಚಕ್ರಕ್ಕೂ ಗೇರ್‌ಬಾಕ್ಸಿಗೂ ಸಂಬಂಧ ಕಡಿಯುತ್ತದೆ. ಆಟೊಮ್ಯಾಟಿಕ್ ಆದರೆ ಗೇರ್ ಪಾರ್ಕ್‌ನಲ್ಲೇ ಕೂತಿರುತ್ತದೆ. ತಿರುಗದ ಗೇರ್‌ಬಾಕ್ಸ್ ಕಾಯುವ ಮಾತೇ ಇಲ್ಲ. ಫ್ಲ್ಯಾಟ್ ಟೋಯಿಂಗ್‌ಗೆ ಪೂರ್ಣ ಅಂಕ ಕೊಡಬಹುದಾದದ್ದು ಈ ವಿನ್ಯಾಸಕ್ಕೆ ಮಾತ್ರ. ಲಿವರ್ ಮರೆತರೆ ಮಾತ್ರ ಇಲ್ಲೂ ಕ್ಷಮೆಯಿಲ್ಲ. ರಾಂಗ್ಲರ್‌ನ ರೂಬಿಕಾನ್ ಮಾದರಿಯ ಮ್ಯಾನ್ಯುಯಲ್ ಗಾಡಿ ಮೊದಲ ಗೇರಿನಲ್ಲಿ, ಟ್ರಾನ್ಸ್‌ಫರ್ ಕೇಸಿನ ನಿಧಾನಗತಿಯ ಫೋರ್-ಲೋನಲ್ಲಿ ಇದ್ದರೆ ಚಕ್ರ ಒಂದು ಸುತ್ತು ಹಾಕುವಷ್ಟರಲ್ಲಿ ಎಂಜಿನ್ 84 ಸುತ್ತು ಹಾಕಬೇಕು. 33 ಇಂಚಿನ ಟೈರು, 105 ಕಿ.ಮೀ. ವೇಗ ಎಂದು ಲೆಕ್ಕ ಹಾಕಿದರೆ ನಿಮಿಷಕ್ಕೆ 55,000 ಸುತ್ತು ಮೀರುತ್ತದೆ. ಅದರ ಎಂಟನೇ ಒಂದು ಪಾಲನ್ನು ತಾಳಿಕೊಂಡರೆ ಆ ಎಂಜಿನ್ನಿಗೆ ಅದೇ ಹೆಚ್ಚು.

ಒಪ್ಪಿಗೆಯಿಲ್ಲದ ಕಾರನ್ನೇ ಎಳೆಯಬೇಕೆಂಬ ಹಟದವರಿಗಾಗಿ ರೆಮ್ಕೊ ಕಂಪನಿ ಲೂಬ್ ಪಂಪ್ ತಂದಿತು. ಎಂಜಿನ್ ಆರಿದ್ದಾಗಲೂ ವಿದ್ಯುತ್ತಿನಿಂದ ಓಡಿ ಆಯಿಲ್ ಸುತ್ತಿಸುವ ಪಂಪು ಅದು. ಇನ್ನೊಂದು ಬಿಡಿಭಾಗ, ಇನ್ನೊಂದಿಷ್ಟು ವೈರು ಎಂದು ಮೂಗು ಮುರಿಯಬಹುದು. ಆದರೆ ಒತ್ತಡ ಕುಸಿದರೆ ಮೋಟರ್‌ಹೋಮಿನ ಡ್ಯಾಶ್‌ಬೋರ್ಡಿನಲ್ಲೇ ದೀಪ ಹೊತ್ತುವ ವ್ಯವಸ್ಥೆ ಅದಕ್ಕಿದೆ. ಹಿಂದಿನ ಕಾರಿನ ಸಂಕಟ ಮುಂದಿನ ಚಾಲಕನಿಗೆ ಕಾಣುತ್ತದೆ. ಕಾರು ಕಂಪನಿಗಳು ಎಂದೋ ಮಾಡಬೇಕಿದ್ದ ಕೆಲಸವಿದು.

ಈಗ ಪ್ರಶ್ನೆ ಆಯಿಲನ್ನೂ ದಾಟಿದೆ. ಟೆಸ್ಲಾದಂಥ ವಿದ್ಯುತ್ ಕಾರಿನಲ್ಲಿ ಮೋಟರನ್ನು ಚಕ್ರದಿಂದ ಬಿಡಿಸುವ ಲಿವರೇ ಇಲ್ಲ. ಚಕ್ರ ತಿರುಗಿದರೆ ಮೋಟರ್ ಕರೆಂಟು ಹುಟ್ಟಿಸಿ ಕಾಯುತ್ತದೆ. ಹೀಗಾಗಿ ಕೈಪಿಡಿ ನಾಲ್ಕೂ ಚಕ್ರ ನೆಲ ಬಿಟ್ಟಿರಲಿ ಎನ್ನುತ್ತದೆ. ಅಂಥ ಕಾರು ಕೊಂಡವರು ಟ್ರೇಲರಿನ ಭಾರವನ್ನೂ ಜೊತೆಗೆ ಎಳೆಯಬೇಕು, ಕ್ಯಾಂಪಿನಲ್ಲಿ ಅದನ್ನು ನಿಲ್ಲಿಸಲು ಜಾಗವನ್ನೂ ಹುಡುಕಬೇಕು.