ಲೆಕ್ಕ ಬರೆಯೋನಿಗೆ ಮನೆ ಕೀಲಿ ಯಾಕೆ?

ದಾವಣಗೆರೆಯಿಂದ ಹರಿಹರಕ್ಕೆ ಹದಿನಾಲ್ಕು ಕಿಲೋಮೀಟರು ಇದ್ದೀತು. ಅಷ್ಟಕ್ಕೂ ಎಷ್ಟು ಚಾರ್ಜ್ ಇಳೀತು ಅಂತ ಗ್ರಾಫ್ ಬೇಕು ನಮಗೆ. ಕಾರು ಕಂಪನಿಯದ್ದು ಸಾಲಲ್ಲ ಅಂತ ಬೇರೆ ಯಾರೋ ಮಾಡಿದ ಆ್ಯಪ್ ಹಾಕ್ಕೊಳ್ತೀವಿ. ಗ್ರಾಫ್ ಚಂದ ಇರುತ್ತೆ, ಒಪ್ಪಿದೆ. ನನ್ನ ತಕರಾರು ಅದು ಕೇಳೋ ಪಾಸ್‌ವರ್ಡ್ ಬಗ್ಗೆ. ಬ್ಯಾಟರಿ ಲೆಕ್ಕ ಓದೋಕೆ ಬಾಗಿಲು ತೆಗೆಯೋ ಅಧಿಕಾರ ಯಾಕ್ರೀ?

2022ರ ಜನವರಿಯಲ್ಲಿ ಡೇವಿಡ್ ಕೊಲಂಬೊ ಅನ್ನೋ 19ರ ಜರ್ಮನ್ ಹುಡುಗ, 13 ದೇಶಗಳ 25ಕ್ಕೂ ಹೆಚ್ಚು ಟೆಸ್ಲಾ ಕಾರುಗಳ ಬಾಗಿಲನ್ನ ಕೂತಲ್ಲಿಂದಲೇ ತೆಗೀಬಹುದು ಅಂತ ಕಂಡುಕೊಂಡ. ಕಾರು ಎಲ್ಲಿದೆ ಅನ್ನೋದೂ ಕಾಣ್ತಿತ್ತು. ಸ್ಟಿಯರಿಂಗ್, ಬ್ರೇಕ್ ಮಾತ್ರ ಸಿಗಲಿಲ್ಲ, ಪುಣ್ಯ. ತೂತಿದ್ದದ್ದು ಮಾಲೀಕರೇ ಹಾಕ್ಕೊಂಡಿದ್ದ ಟೆಸ್ಲಾಮೇಟ್ ಅನ್ನೋ ತಂತ್ರಾಂಶದ ಕಡೆ. ಹಾಗಂತ ಕಂಪನಿಗಳೇನು ಸಾಚಾ ಅಲ್ಲ. 2016ರಲ್ಲಿ ನಿಸಾನ್ ಲೀಫ್‌ನ ಸ್ವಂತ ಆ್ಯಪಲ್ಲೇ, ಕಾರಿನ ಗುರುತಿನ ನಂಬರ್ ಒಂದಿದ್ರೆ ಯಾರು ಬೇಕಾದ್ರೂ ಎಸಿ ಹಾಕಬಹುದಿತ್ತು. ‘ಓದೋಕೆ ಮಾತ್ರ’ ಅನ್ನೋ ಅನುಮತಿ ಕೊಡಬೇಕಾದ್ದು ಕಂಪನಿಗಳೇ.

ಬಾಗಿಲಿಗಿಂತ ನನಗೆ ಜಾಗದ್ದೇ ಭಯ. ಕಾರು ಹರಿಹರೇಶ್ವರನ ಗುಡಿ ಮುಂದಿದೆ ಅಂದ್ರೆ ದಾವಣಗೆರೆ ಮನೆಗೆ ಬೀಗ ಬಿದ್ದಿದೆ ಅಂತಲೂ ಆಯ್ತಲ್ಲ! ಫೋನಿಂದ ಆ್ಯಪ್ ಕಿತ್ತು ಹಾಕಿದ್ರೆ ಸಾಲಲ್ಲ. ಕಾರಿನ ಖಾತೆಗೆ ಹೋಗಿ ಕೊಟ್ಟ ಅನುಮತಿ ರದ್ದು ಮಾಡಿ, ಪಾಸ್‌ವರ್ಡೂ ಬದಲಿಸಿ.