ಬಾಣಂತಿ ಕೋಣೆಯ ಆಚೆ

ತಾಯ್ತನ ದೇವರ ವರ ಅಂತ ನಮ್ಮ ಸಿನಿಮಾಗಳು ಹಾಡಿಕೊಂಡೇ ಬಂದಿವೆ. ಆ ಸುಳ್ಳನ್ನು ಮುರಿದದ್ದು ತ್ರಿವೇಣಿಯವರ 'ಶರಪಂಜರ'. ಹೆತ್ತವಳ ಮನಸ್ಸೂ ಕೆಡಬಹುದು, ಅದು ಕಾಯಿಲೆ, ವಾಸಿಯಾದರೂ ಜನ ಅವಳನ್ನು ಹುಚ್ಚಿ ಅಂತಲೇ ನೋಡುತ್ತಾರೆ ಎಂದು ಬರೆದರು. ಹೆರಿಗೆಯಾದ ಕೆಲವೇ ದಿನಕ್ಕೆ, 1963ರಲ್ಲಿ, ತಾವೇ ತೀರಿಕೊಂಡರು. 1970ರ ದಶಕದ ಆರಂಭದಲ್ಲಿ ಪುಟ್ಟಣ್ಣ ಕಣಗಾಲರ ಸಿನಿಮಾ ಕಾವೇರಿಯ ಕತೆಯನ್ನು ಊರೂರಿಗೆ ತಲುಪಿಸಿತು. ಈ ಋಣ ನಾವು ಮರೆಯುವುದಿಲ್ಲ.

ಆದರೆ ಬಿಳಿಕೆರೆ ಸೀಮೆಯಲ್ಲಿ ಕೂತು ಓದುವಾಗ ಒಂದು ಪ್ರಶ್ನೆ ಏಳುತ್ತದೆ. ಕಾವೇರಿಗೆ ಆಸ್ಪತ್ರೆಯಿತ್ತು. ಹೊಗೆಸೊಪ್ಪಿನ ಹೊಲಕ್ಕೆ ಕೂಲಿ ಹೋಗುವ ನಮ್ಮ ಕೇರಿಯ ಬಾಣಂತಿಗೆ? ಹಸಿಮೈ ಆರುವ ಮೊದಲೇ ಸೊಪ್ಪು ಮುರಿಯಬೇಕು, ಮರಕ್ಕೆ ಜೋಳಿಗೆ ಕಟ್ಟಬೇಕು. ಸುಮ್ಮನೆ ಕೂತರೆ 'ಸೊಕ್ಕು' ಅಂತಾರೆ, ಅತ್ತರೆ 'ಗಾಳಿ ಸೋಕಿದೆ' ಅಂತಾರೆ. ಕಾಯಿಲೆ ಅನ್ನಿಸಿಕೊಳ್ಳೋದಕ್ಕೂ ಜಾತಿ, ಕಾಸು ಬೇಕೇನು?

2017ರ ತಿದ್ದುಪಡಿ ಮೊದಲೆರಡು ಹೆರಿಗೆಗೆ ರಜೆಯನ್ನು 26 ವಾರಕ್ಕೆ ಏರಿಸಿತು. ದಿನಗೂಲಿಯ ಹೊಲಕ್ಕೆ ಅದು ಬರಲಿಲ್ಲ. ಅದೇ ವರ್ಷ ಶುರುವಾದ 'ಮಾತೃಪೂರ್ಣ' ಅಂಗನವಾಡಿಗೆ ಬಂದು ಊಟ ಮಾಡು ಅಂದಿತು. ಕೂಲಿ ಬಿಟ್ಟು ಬರೋದು ಹೆಂಗೆ?

'ಶರಪಂಜರ' ಒಂದು ಬಾಗಿಲು ತೆರೆಯಿತು. ನಮ್ಮ ಹಟ್ಟಿಯ ಬಾಣಂತಿ ಹೊರಗೇ ನಿಂತಿದ್ದಾಳೆ. ಅವಳ ಕತೆಯನ್ನು ಅವಳ ಮಾತಲ್ಲೇ ಬರೆಯೋರು ನಮ್ಮೊಳಗಿಂದಲೇ ಬರಬೇಕು.