ಹಲಸಿನ ಹೆಗಲು

ಹಾಡು ಮುಗಿದ ಮೇಲೆ ಹೆಡ್‌ಫೋನನ್ನು ಎಲ್ಲಿಡುವುದು? ಮೇಜಿನ ಮೇಲೆ ಬಿಟ್ಟರೆ ವೈರು ಸಿಕ್ಕಾಗುತ್ತದೆ, ಮೆತ್ತೆಗೆ ಧೂಳು ಹಿಡಿಯುತ್ತದೆ. ಅದಕ್ಕೊಂದು ಮರದ ಸ್ಟ್ಯಾಂಡ್ ಮಾಡುವುದು ನನ್ನ ಭಾನುವಾರಗಳ ಹವ್ಯಾಸ. ಅಡಿಗೊಂದು ಪೀಠ, ನಡುವೆ ಕಂಬ, ಮೇಲೊಂದು ಬಾಗಿದ ದಿಂಡು, ಇಷ್ಟೇ. ಬಾಗಿಲು ಮಾಡಿಸಿ ಉಳಿದ ಹಲಸಿನ ತುಂಡುಗಳೇ ಸಾಕು.

ಸೊಗಸೆಲ್ಲ ಅಳತೆಯಲ್ಲಿದೆ. ಕಂಬ ಸುಮಾರು 25 ಸೆಂ.ಮೀ. ಇದ್ದರೆ ಹೆಡ್‌ಫೋನು ಪೀಠಕ್ಕೆ ತಾಗದೆ ತೂಗುತ್ತದೆ. ಪೀಠ ಭಾರವಾಗಿದ್ದರೆ ಉರುಳದು. ದಿಂಡು ನಮ್ಮ ನೆತ್ತಿಯಂತೆ ಅಗಲವಾಗಿ ದುಂಡಗಿರಬೇಕು. ಅಂಚು ಚೂಪಾದರೆ ಪಟ್ಟಿಯ ಮೆತ್ತೆಯಲ್ಲಿ ಗುಳಿ ಬೀಳುತ್ತದೆ. ಈ ದುಂಡನ್ನು ಕಣ್ಣಿಗಿಂತ ಅಂಗೈಯೇ ಚೆನ್ನಾಗಿ ಅಳೆಯುತ್ತದೆ. 80ರ ಸ್ಯಾಂಡ್‌ಪೇಪರಿನಿಂದ ಶುರುಮಾಡಿ 120, 220ರವರೆಗೆ ಮರದ ಎಳೆಯ ಗುಂಟ ಉಜ್ಜಬೇಕು. ಕೊನೆಗೆ ಅಗಸೆ ಎಣ್ಣೆ ಸವರಿದಾಗ ಹಲಸಿನ ಹಳದಿ ಜೇನಿನಂತೆ ಬೆಳಗುತ್ತದೆ. ವರ್ಷಗಳು ಕಳೆದಂತೆ ಅದು ಕಂದಾಗಿ ಮಾಗುತ್ತದೆ. ಎಣ್ಣೆ ಒಣಗಲು ದಿನಗಳೇ ಬೇಕು. ಆ ಕಾಯುವಿಕೆಯೂ ನನಗೆ ಪ್ರಿಯ.

ವೀಣೆಯ ಕೊಡ ಕೊರೆಯುವುದೂ ಹಲಸಿನಲ್ಲೇ. ನಾದ ಹುಟ್ಟಿಸುವ ಮರವೇ ನಾದ ಕೇಳಿಸುವ ಸಾಧನಕ್ಕೂ ಹೆಗಲು ಕೊಡುತ್ತದೆ. ರಾತ್ರಿ ಹಾಡು ಕೇಳಿ ಹೆಡ್‌ಫೋನನ್ನು ಅಲ್ಲಿ ತೂಗುಹಾಕುವಾಗ, ತಂಬೂರಿಯನ್ನು ಗೋಡೆಗೆ ಒರಗಿಸಿಟ್ಟಷ್ಟೇ ನೆಮ್ಮದಿ.